‘ಅದಿಲ್ಲದೆ ಈಗ ಹೇಗೆ ನಡೆಸ್ತಿದ್ದೀರಿ?’

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ನಮ್ಮದು ಮೂರೇ ಜನರ ತಂಡ. ಬೆಂಗಳೂರಿನ ರಾಜಾಜಿನಗರದಲ್ಲಿ ಮಹಡಿ ಮೇಲೊಂದು ರೂಮು. ಕೋಡ್ ಬರೆಯುವವರು ಇಬ್ಬರು, ಫೋನ್ ಎತ್ತುವವರು ಒಬ್ಬರು. ನಮ್ಮ ಗ್ರಾಹಕರಲ್ಲಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯವರಿದ್ದಾರೆ, ಅವೆನ್ಯೂ ರಸ್ತೆಯ ಸ್ಟೇಷನರಿಯವರಿದ್ದಾರೆ, ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಮಾರುವವರಿದ್ದಾರೆ, ಬಡಾವಣೆಗಳ ಪ್ರಾವಿಷನ್ ಸ್ಟೋರಿನವರಿದ್ದಾರೆ. ದಿನ ಬೆಳಗಾದರೆ ಒಬ್ಬರಲ್ಲ ಒಬ್ಬರು ಹೊಸದೇನಾದರೂ ಕೇಳುತ್ತಾರೆ. ಕೇಳಿದ್ದನ್ನೆಲ್ಲ ಮಾಡಿಕೊಡಲು ಇಬ್ಬರ ಕೈ ಸಾಲುವುದಿಲ್ಲ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸುವುದೇ ನನ್ನ ಕೆಲಸದ ಅರ್ಧ ಪಾಲು.

ದೊಡ್ಡ ಕಂಪನಿಗಳು ಇದಕ್ಕೆ ಸೂತ್ರಗಳನ್ನು ಇಟ್ಟುಕೊಂಡಿವೆ. ಎಷ್ಟು ಜನಕ್ಕೆ ತಲುಪುತ್ತದೆ, ಎಷ್ಟು ಪರಿಣಾಮ ಬೀರುತ್ತದೆ, ನಮಗೆ ಎಷ್ಟು ಖಾತ್ರಿ ಇದೆ ಎಂಬ ಮೂರನ್ನು ಗುಣಿಸಿ, ಹಿಡಿಯುವ ಶ್ರಮದಿಂದ ಭಾಗಿಸುವ ‘ರೈಸ್’ ವಿಧಾನ ಅಂಥದ್ದೊಂದು. ಲಕ್ಷಗಟ್ಟಲೆ ಬಳಕೆದಾರರ ಅಂಕಿಅಂಶ ಕೈಯಲ್ಲಿದ್ದವರಿಗೆ ಅದು ಒಳ್ಳೆಯದೇ. ನಮ್ಮಂಥವರಿಗೆ ಭಾಜಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಊಹೆ. ಊಹೆಯನ್ನು ಊಹೆಯಿಂದ ಗುಣಿಸಿದರೆ ಬರುವ ಸಂಖ್ಯೆಯನ್ನು ನಾನು ನಂಬುವುದಿಲ್ಲ. ನಾನು ನಂಬುವುದು ಒಂದು ಪ್ರಶ್ನೆಯನ್ನು. ಯಾರು ಏನು ಕೇಳಿದರೂ ಮೊದಲು ಹೀಗೆ ಕೇಳುತ್ತೇವೆ: ‘ಯಜಮಾನ್ರೇ, ಅದಿಲ್ಲದೆ ಈಗ ಹೇಗೆ ನಡೆಸ್ತಿದ್ದೀರಿ?’

ಇದಕ್ಕೆ ಎರಡು ಬಗೆಯ ಉತ್ತರ ಬರುತ್ತದೆ. ‘ಇದ್ರೆ ಚೆನ್ನಾಗಿರುತ್ತೆ ಅಂತ ಹೇಳ್ದೆ ಅಷ್ಟೇ’ ಎಂಬುದು ಒಂದು. ‘ಇಲ್ನೋಡಿ, ಈ ಪುಸ್ತಕದಲ್ಲಿ ಬರ್ಕೊಳ್ತಿದ್ದೀವಿ’ ಎಂಬುದು ಇನ್ನೊಂದು. ಎರಡನೆಯ ಉತ್ತರ ಬಂತೆಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ದಿನವಿಡೀ ಗಿರಾಕಿಗಳನ್ನು ನಿಭಾಯಿಸುವ ಮನುಷ್ಯ ಬಿಡುವು ಮಾಡಿಕೊಂಡು, ಗೆರೆ ಎಳೆದು, ಪುಸ್ತಕವೊಂದನ್ನು ನಡೆಸುತ್ತಿದ್ದಾನೆಂದರೆ ಆ ಅಗತ್ಯಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಾವಿಷನ್ ಸ್ಟೋರಿನವರು ಹೆಚ್ಚಾಗಿ ಕೇಳುತ್ತಿದ್ದದ್ದು ಗಿರಾಕಿಗಳಿಗೆ ಪಾಯಿಂಟ್ಸ್ ಕೊಡುವ ಸೌಲಭ್ಯ. ಸೂಪರ್ ಮಾರ್ಕೆಟ್‌ನಲ್ಲಿದೆ, ನಮಗೂ ಬೇಕು ಎನ್ನುವವರೇ ಎಲ್ಲ. ಆದರೆ ಒಬ್ಬರೂ ಪಾಯಿಂಟ್ಸ್‌ಗೆ ಬದಲಾಗಿ ಚೀಟಿ ಕೊಡುತ್ತಿರಲಿಲ್ಲ, ಮುದ್ರೆ ಒತ್ತುತ್ತಿರಲಿಲ್ಲ. ಅದೇ ಅಂಗಡಿಗಳಲ್ಲಿ ಗಲ್ಲಾದ ಪಕ್ಕ ಮೂಲೆ ಮಡಚಿಹೋದ ಉದ್ರಿ ಪುಸ್ತಕ ಇದ್ದೇ ಇತ್ತು. ಉದ್ರಿ ಲೆಕ್ಕವನ್ನು ಸಾಫ್ಟ್‌ವೇರಿಗೆ ತನ್ನಿ ಎಂದು ಯಾರೂ ಕೇಳಿರಲಿಲ್ಲ. ಅದು ಪುಸ್ತಕದ ಕೆಲಸ ಎಂದೇ ಅವರ ಭಾವನೆ. ನಾವು ಪಾಯಿಂಟ್ಸ್ ಬದಿಗಿಟ್ಟು ಉದ್ರಿ ಖಾತೆ ಮಾಡಿದೆವು. ಅಂಗಡಿಗೆ ಹೋಗಿ ಕೌಂಟರಿನ ಪಕ್ಕ ನಿಂತಿದ್ದರಿಂದ ಅದು ಕಂಡಿತು. ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದ್ದರೂ ಕಾಣುತ್ತಿರಲಿಲ್ಲ.

ಕೇಳಿಕೆ ಎಂಬುದು ಬಹಳ ಸಲ ಗ್ರಾಹಕರೇ ಯೋಚಿಸಿಟ್ಟ ಪರಿಹಾರ. ಡಾಕ್ಟರ ಹತ್ತಿರ ಹೋಗಿ ಎಲ್ಲಿ ನೋವು ಎಂದು ಹೇಳದೆ ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎನ್ನುವ ಹಾಗೆ. ಎಲೆಕ್ಟ್ರಿಕಲ್ ಅಂಗಡಿಯ ಯಜಮಾನರೊಬ್ಬರು ಪಟ್ಟು ಹಿಡಿದಿದ್ದರು: ‘ಸಾರ್, ಬಿಲ್ ಡಿಲೀಟ್ ಮಾಡೋ ಬಟನ್ ಒಂದು ಕೊಟ್ಬಿಡಿ.’ ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ಲಿನ ಕ್ರಮಸಂಖ್ಯೆ ಒಂದಾದ ಮೇಲೊಂದರಂತೆ ಬರಬೇಕು, ನಡುವೆ ಒಂದು ಸಂಖ್ಯೆ ಮಾಯವಾದರೆ ಲೆಕ್ಕ ಕೇಳುವವರಿಗೆ ಉತ್ತರ ಕೊಡಬೇಕಾದವರು ಅವರೇ. ಆ ಬಟನ್ ಕೊಡುವಂತಿರಲಿಲ್ಲ. ‘ಈಗ ಹೇಗೆ ನಡೆಸ್ತಿದ್ದೀರಿ?’ ಎಂದಾಗ ಅವರು ಡ್ರಾಯರ್ ತೆಗೆದು ಕ್ಲಿಪ್ ಹಾಕಿಟ್ಟ ಹಳೆಯ ಬಿಲ್ಲುಗಳ ಕಟ್ಟು ತೋರಿಸಿದರು. ಎಲೆಕ್ಟ್ರಿಷಿಯನ್‌ಗಳು ಹತ್ತು ಸ್ವಿಚ್ಚು ಒಯ್ದು ಎರಡು ವಾಪಸ್ ತರುತ್ತಾರೆ, ವಯರಿನ ಸುರುಳಿ ಬದಲಾಯಿಸುತ್ತಾರೆ. ಪ್ರತಿ ಬಿಲ್ಲಿನ ಮೇಲೂ ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಹೊಸ ಮೊತ್ತ ಬರೆದಿದ್ದರು. ಅವರಿಗೆ ಬೇಕಿದ್ದದ್ದು ವಾಪಸ್ ಬಂದ ಮಾಲಿಗೆ ಸುಲಭವಾಗಿ ಕ್ರೆಡಿಟ್ ನೋಟ್, ಅಂದರೆ ಹಳೆಯ ಬಿಲ್ಲಿನಿಂದ ಅಷ್ಟು ಮೊತ್ತ ಕಳೆಯುವ ಚೀಟಿ, ಮಾಡುವ ದಾರಿ. ಹಳೆಯ ಬಿಲ್ಲು ತೆರೆದು, ವಾಪಸ್ ಬಂದ ವಸ್ತುವಿನ ಎದುರು ಎಷ್ಟು ಎಂದು ಒತ್ತಿದರೆ ಮಿಕ್ಕಿದ್ದೆಲ್ಲ ತಾನೇ ಆಗುವಂತೆ ಮಾಡಿಕೊಟ್ಟೆವು. ಡಿಲೀಟ್ ಬಟನ್ ಮಾತು ಆಮೇಲೆ ಬರಲಿಲ್ಲ.

ಯಾರು ಕೇಳುತ್ತಿದ್ದಾರೆ ಎಂಬುದಕ್ಕಿಂತ ಯಾರು ಕೇಳುತ್ತಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ನಮಗೆ ಫೋನ್ ಮಾಡುವವರು ಯಜಮಾನರು ಇಲ್ಲವೇ ಅವರ ಮಕ್ಕಳು. ಬಿಲ್ ಹಾಕುವವರು ಕೌಂಟರಿನ ಹುಡುಗರು, ಹುಡುಗಿಯರು. ಕನ್ನಡದಲ್ಲಿ ಬಿಲ್ ಬರಲಿ ಎಂದು ನಮ್ಮನ್ನು ಕೇಳಿದವರು ತೀರಾ ಕಡಿಮೆ. ಆದರೆ ಬಡಾವಣೆಯ ಅಂಗಡಿಗಳಲ್ಲಿ ಇಂಗ್ಲಿಷ್ ಬಿಲ್ಲಿನ ಹಿಂಬದಿಯಲ್ಲಿ ‘ತೊಗರಿಬೇಳೆ 2, ರವೆ 1’ ಎಂದು ಕೈಯಲ್ಲಿ ಬರೆದುಕೊಡುವುದನ್ನು ಕಂಡೆ. ಮನೆಗೆ ಹೋಗಿ ಸಾಮಾನು ತಾಳೆ ನೋಡುವ ಅಜ್ಜಿಗೆ ಅದು ಬೇಕು. ಇದು ಸುಲಭದ ಕೆಲಸವಲ್ಲ. ಅಂಗಡಿಗಳಲ್ಲಿರುವ ಅಗ್ಗದ ಥರ್ಮಲ್ ಪ್ರಿಂಟರುಗಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಪ್ರತಿ ಸಾಲನ್ನೂ ಚಿತ್ರವಾಗಿ ಮಾಡಿ ಕಳಿಸಬೇಕು. 58 ಮಿ.ಮೀ. ಕಾಗದದ ಅಡ್ಡಗಲಕ್ಕೆ ಸಿಗುವುದು 384 ಚುಕ್ಕಿ ಮಾತ್ರ. ಅಷ್ಟರೊಳಗೆ ‘ಕೊತ್ತಂಬರಿ’ಯ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದೆ ಸ್ಪಷ್ಟವಾಗಿ ಮೂಡಬೇಕು, ಬಿಲ್ಲೂ ತಡವಾಗಬಾರದು. ಯಾವ ಸೂತ್ರ ಹಾಕಿದ್ದರೂ ಇದು ಪಟ್ಟಿಯ ಕೊನೆಗೆ ಹೋಗುತ್ತಿತ್ತು: ಕೇಳಿದವರು ಕಡಿಮೆ, ಶ್ರಮ ಜಾಸ್ತಿ. ನಾವು ಅದನ್ನು ಮೇಲಕ್ಕೆ ತಂದೆವು. ನಮ್ಮ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ತಂದಿರುವುದು ಇದೇ.

ಕಂಪ್ಯೂಟರ್ ಕೆಟ್ಟರೂ ಲೆಕ್ಕ ಉಳಿಯಲೆಂದು ಬೇರೆ ಕಡೆ ಇಡುವ ನಕಲು, ಅಂದರೆ ಬ್ಯಾಕಪ್‌ನದೂ ಇದೇ ಕಥೆ, ಅದನ್ನು ಯಾರೂ ಕೇಳುವುದಿಲ್ಲ. ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಹೇಳಿದ್ದು ಇದನ್ನೇ: ಕೆಲವು ಗುಣಗಳು ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಸಿಟ್ಟಾಗುತ್ತಾರೆ. ಅಂಥವನ್ನು ಕೇಳಿಕೆಯ ಪಟ್ಟಿಯಲ್ಲಿ ಹುಡುಕಬಾರದು.

ಇನ್ನು ಕಾನೂನಿನದು. ಅದಕ್ಕೆ ಸರದಿಯೇ ಇಲ್ಲ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರ ಬದಲಾವಣೆಯ ತೀರ್ಮಾನ ಮಾಡಿತು, 22ರಿಂದ ಜಾರಿ. ತಂಬಾಕಿನಂಥ ಕೆಲವು ಸರಕು ಬಿಟ್ಟರೆ ಶೇ. 12 ಮತ್ತು 28ರ ಹಂತಗಳು ಹೋದವು. ಶಾಂಪೂ, ಟೂತ್‌ಪೇಸ್ಟ್ ಶೇ. 18ರಿಂದ 5ಕ್ಕೆ ಇಳಿದವು. ಮಕ್ಕಳ ನೋಟ್ ಪುಸ್ತಕ, ಪೆನ್ಸಿಲ್‌ಗೆ ತೆರಿಗೆಯೇ ಇಲ್ಲವಾಯಿತು. ಅವೆನ್ಯೂ ರಸ್ತೆಯ ಅಂಗಡಿಗಳಿಗೆ ಅದು ಇಡೀ ದಾಸ್ತಾನಿನ ಪ್ರಶ್ನೆ. ಆ ದಿನಗಳಲ್ಲಿ ಬೇರೆ ಕೇಳಿಕೆಗಳನ್ನು ನಾವು ತೆರೆದೂ ನೋಡಲಿಲ್ಲ. ದರ ಬದಲಾಯಿಸುವುದು ಒಂದು ಸಾಲಿನ ಕೆಲಸ ಎಂದು ಹೊರಗಿನವರಿಗೆ ಅನ್ನಿಸಬಹುದು. 22ಕ್ಕೆ ಮೊದಲು ಮಾರಿದ ಮಾಲು ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟು ಹಳೆಯ ದರದಲ್ಲೇ ಆಗಬೇಕು. ಹಾಗಾಗಿ ಪ್ರತಿ ದರಕ್ಕೂ ‘ಯಾವ ದಿನದಿಂದ’ ಎಂಬುದು ಅಂಟಿಕೊಂಡಿರಬೇಕು.

ಅದೇ ವರ್ಷ ಜುಲೈನಲ್ಲಿ ನಡೆದದ್ದು ಇದಕ್ಕಿಂತ ತೊಡಕಿನದು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಹೋದವು. ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು, ರಟ್ಟಿನ ಮೇಲೆ ‘ಕ್ಯಾಶ್ ಮಾತ್ರ’ ಎಂದು ಬರೆದು ತೂಗುಹಾಕಿದವು. ನಮ್ಮ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಯುಪಿಐ ಬಿಲ್ಲನ್ನು ಬೇರೆ ಹೆಸರಲ್ಲಿ ತೋರಿಸಿ, ರಿಪೋರ್ಟಿನಲ್ಲಿ ಕಾಣದ ಹಾಗೆ ಮಾಡಿ ಎಂದವರೂ ಇದ್ದರು. ಅದಕ್ಕೆ ಆಗುವುದಿಲ್ಲ ಎಂದು ಅಲ್ಲೇ ಹೇಳಿದೆವು. ಆದರೆ ಆ ರಟ್ಟಿನ ಬೋರ್ಡನ್ನು ನಾನು ಉದ್ರಿ ಪುಸ್ತಕದಷ್ಟೇ ಗಂಭೀರವಾಗಿ ತೆಗೆದುಕೊಂಡೆ. ಗಿರಾಕಿಯನ್ನು ಕಳೆದುಕೊಂಡಾದರೂ ಸರಿ ಎಂದು ಬೋರ್ಡು ಹಾಕಿದವರ ಭಯದ ಬೇರು ಎಲ್ಲಿದೆ ಎಂದು ಕೇಳುತ್ತ ಹೋದೆವು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಜೊತೆಗೆ ಬಿಸ್ಕತ್ತು, ಸೋಪು ಇಟ್ಟರೆ ಎರಡನ್ನೂ ಸೇರಿಸಿಯೇ ವಹಿವಾಟು ಎಣಿಸುತ್ತಾರೆ. ಬಹಳಷ್ಟು ಅಂಗಡಿಗಳಲ್ಲಿ ಎಷ್ಟು ಯಾವುದು ಎಂಬ ಲೆಕ್ಕವೇ ಇರಲಿಲ್ಲ. ಮೈದುನ ಕಳಿಸಿದ ಕೈಸಾಲವೂ ಅದೇ ಕ್ಯೂಆರ್‌ಗೆ ಬಂದಿರುತ್ತಿತ್ತು. ತೆರಿಗೆಯ ಮಾರಾಟ, ತೆರಿಗೆಯಿಲ್ಲದ ಮಾರಾಟ, ನಗದು, ಯುಪಿಐ, ಉದ್ರಿ ಎಲ್ಲವನ್ನೂ ತಿಂಗಳುವಾರು ಬೇರೆ ಬೇರೆ ತೋರಿಸುವ ಒಂದು ಪುಟ ಮಾಡಿಕೊಟ್ಟೆವು. ಅದನ್ನು ಹೀಗೆಯೇ ಬೇಕು ಎಂದು ಯಾರೂ ಕೇಳಿರಲಿಲ್ಲ.

ದುಡ್ಡು ಕೊಡುತ್ತೇನೆ, ನನಗೊಬ್ಬನಿಗೇ ಮಾಡಿಕೊಡಿ ಎನ್ನುವವರೂ ಬರುತ್ತಾರೆ. ಬಾಡಿಗೆ ಕಟ್ಟಬೇಕಾದವರಿಗೆ ಇದು ಸಣ್ಣ ಆಸೆಯಲ್ಲ. ನಮ್ಮ ಪದ್ಧತಿ ಇಷ್ಟು: ಅದೇ ವ್ಯಾಪಾರದ ಇನ್ನೆರಡು ಅಂಗಡಿಗಳಿಗೆ ಹೋಗುತ್ತೇವೆ. ಅಲ್ಲೂ ಅಂಥದೇ ಪುಸ್ತಕ ಕಂಡರೆ ಒಪ್ಪಿಕೊಳ್ಳುತ್ತೇವೆ, ಎಲ್ಲರಿಗೂ ಸಿಗುವಂತೆ ಮಾಡುತ್ತೇವೆ. ಕಾಣದಿದ್ದರೆ ಬಿಟ್ಟುಬಿಡುತ್ತೇವೆ. ಒಬ್ಬರಿಗಾಗಿ ಸೇರಿಸಿದ ಆಯ್ಕೆಯನ್ನು ಮುಂದೆ ಪ್ರತಿ ದರ ಬದಲಾವಣೆಯಲ್ಲೂ ನಾವೇ ಕಾಯಬೇಕು.

ಇಲ್ಲ ಎನ್ನುವುದನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ‘ನೋಡೋಣ ಸಾರ್’ ಎಂಬ ಮಾತನ್ನು ನಮ್ಮ ರೂಮಿನಲ್ಲಿ ನಿಲ್ಲಿಸಿದ್ದೇವೆ. ಆ ಕಡೆಯವರು ಅದನ್ನು ಹೂಂ ಎಂದೇ ಕೇಳಿಸಿಕೊಳ್ಳುತ್ತಾರೆ, ತಿಂಗಳುಗಟ್ಟಲೆ ಕಾಯುತ್ತಾರೆ. ಈಗ ಮಾಡುವುದಿಲ್ಲ, ಕಾರಣ ಇದು, ಅಲ್ಲಿಯವರೆಗೆ ಹೀಗೆ ಮಾಡಿಕೊಳ್ಳಿ ಎನ್ನುತ್ತೇವೆ. ಮಾಡಿದಾಗ, ಕೇಳಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸುತ್ತೇವೆ. ಅದಕ್ಕೇ ಪ್ರತಿ ಕೇಳಿಕೆಯ ಎದುರು ಅಂಗಡಿಯ ಹೆಸರು, ಕೇಳಿದವರ ಮಾತು ಇದ್ದಂತೆಯೇ ಇರುತ್ತದೆ. ವರ್ಷವಾದರೂ ಮತ್ತೆ ಯಾರೂ ಎತ್ತದ ಕೇಳಿಕೆಯನ್ನು ಅಳಿಸುತ್ತೇವೆ. ನಿಜವಾಗಿ ಬೇಕಿದ್ದರೆ ಅದು ಮತ್ತೆ ಬಂದೇ ಬರುತ್ತದೆ.

ಈಗ ನಮ್ಮ ಮುಂದಿರುವುದು ಜೆ.ಸಿ. ರಸ್ತೆಯ ಯಜಮಾನರೊಬ್ಬರ ಕೇಳಿಕೆ: ಬಾಯಲ್ಲಿ ಹೇಳಿದರೆ ಬಿಲ್ ಆಗಬೇಕು. ಹೋಗಿ ನಿಂತು ನೋಡಿದೆ. ಪಾರ್ಟಿನ ಡಬ್ಬಗಳ ಮೇಲೆ ಹುಡುಗರು ಮಾರ್ಕರಿನಲ್ಲಿ ತಮ್ಮದೇ ಹೆಸರುಗಳನ್ನು ಬರೆದಿದ್ದಾರೆ. ಕಂಪ್ಯೂಟರಿನಲ್ಲಿ ಇರುವುದು ಕಂಪನಿಯ ಕೋಡು. ಹುಡುಕಿದರೆ ಸಿಗುವುದಿಲ್ಲ, ಅದಕ್ಕೇ ತಡ. ಹಾಗಾಗಿ ಒಂದೇ ವಸ್ತುವಿಗೆ ಎಷ್ಟು ಹೆಸರನ್ನಾದರೂ ಸೇರಿಸುವ ಸೌಲಭ್ಯವನ್ನು ಮೊದಲು ಕೈಗೆತ್ತಿಕೊಂಡಿದ್ದೇವೆ. ಯಜಮಾನರಿಗೆ ಹೇಳಿದ್ದೂ ಅದನ್ನೇ: ಇದು ಬಂದ ಮೇಲೆ ನಿಮ್ಮ ಹುಡುಗರನ್ನು ಕೇಳಿ, ಆಗಲೂ ಬಾಯಲ್ಲೇ ಹೇಳಬೇಕು ಅಂತ ಅವರಿಗನ್ನಿಸಿದರೆ ನಮಗೆ ಫೋನ್ ಮಾಡಿ.