ಪ್ರಬಂಧದ ಜೋಳ ರೈತನ ಹೊಲ ತಲುಪಬೇಕಾದರೆ

ಇಥಿಯೋಪಿಯದ ವಿಶ್ವವಿದ್ಯಾಲಯಗಳಿಗೆ ಪಾಠ ಹೇಳಲು ನಮ್ಮ ಕಡೆಯಿಂದ ಅನೇಕರು ಹೋಗಿದ್ದಾರೆ. ನಾನು ವಿಜಯಪುರ ಜಿಲ್ಲೆಯ ಜೋಳದ ಸೀಮೆಯವನು; ಹರಮಾಯ ವಿಶ್ವವಿದ್ಯಾಲಯದಲ್ಲಿ ತಳಿ ಅಭಿವೃದ್ಧಿ ವಿಷಯ ಕಲಿಸಿದವನು. ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧ ಗ್ರಂಥಾಲಯ ಸೇರುವ ಮೊದಲು ಪಕ್ಕದ ಹಳ್ಳಿಗೆ ಉಪಯೋಗವಾಗಬೇಕು ಎಂಬುದು ನನ್ನ ಹಟ. ಅದಕ್ಕೆ ಒಳ್ಳೆಯ ದಾರಿ, ತಳಿಯ ಆಯ್ಕೆಯನ್ನು ರೈತರಿಗೇ ಬಿಡುವುದು. ಅಲ್ಲಿಗೆ ಹೊರಟಿರುವವರಿಗಾಗಿ ಆ ಕ್ರಮವನ್ನು ಬರೆಯುತ್ತಿದ್ದೇನೆ.

ವಿಷಯ ಆರಿಸುವ ಮುನ್ನ ವಿಶ್ವವಿದ್ಯಾಲಯದ ಗೇಟಿನ ಹೊರಗೆ ಓಡಾಡಿ. 1950ರ ದಶಕದಲ್ಲಿ ಕೃಷಿ ಕಾಲೇಜಾಗಿ ಹುಟ್ಟಿದ ಸಂಸ್ಥೆ ಇದು. ಹತ್ತಿರದ ಹರಮಾಯ ಕೆರೆ ಹರಾರ್ ಪಟ್ಟಣಕ್ಕೆ ಕುಡಿಯುವ ನೀರು ಕೊಡುತ್ತಿತ್ತು. ಚಾತ್ (ಅಮಲಿಗಾಗಿ ಅಗಿಯುವ ಎಲೆ) ಮತ್ತು ತರಕಾರಿ ಬೆಳೆಗೆ ಎತ್ತಿದ ನೀರು, ಗುಡ್ಡಗಳಿಂದ ಹರಿದುಬಂದ ಹೂಳು, ಎರಡೂ ಸೇರಿ ಈ ಶತಮಾನದ ಆರಂಭದಲ್ಲಿ ಕೆರೆ ಪೂರ್ತಿ ಬತ್ತಿತು. ನೀರು ಮತ್ತೆ ಕಾಣಿಸಿಕೊಂಡದ್ದು ಇತ್ತೀಚೆಗೆ. ಇಂಥ ನೆಲದಲ್ಲಿ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪ್ರಬಂಧಕ್ಕೆ ನಾನಂತೂ ಸಹಿ ಹಾಕುವುದಿಲ್ಲ.

ಎರಡನೆಯದು ಕಾಲ. ವಿಶ್ವವಿದ್ಯಾಲಯದ ಸುತ್ತಲಿನ ಹರಾರ್ಗೆ ಎಂಬ ಸೀಮೆಯ ರೈತರು ಎತ್ತರದ, ದೀರ್ಘಾವಧಿಯ ಜೋಳವನ್ನು ಏಪ್ರಿಲ್ ಮಳೆಗೆ ಬಿತ್ತುತ್ತಾರೆ. ಕೊಯ್ಲಿಗೆ ನವೆಂಬರ್ ದಾಟುತ್ತದೆ. ವಿದ್ಯಾರ್ಥಿಯ ಪ್ರಸ್ತಾವನೆಗೆ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕರೆ ಆ ವರ್ಷ ಹೋದಂತೆಯೇ. ಮಾರ್ಚ್ ಒಳಗೆ ಕಾಗದಪತ್ರ ಮುಗಿಸಿ, ಕೆಬೆಲೆಯ ಕೃಷಿ ಕಾರ್ಯಕರ್ತರನ್ನು ಕಂಡು, ರೈತ ತರಬೇತಿ ಕೇಂದ್ರದ ಜಮೀನಿನಲ್ಲಿ ಜಾಗ ಕೇಳಿ. ಕೆಬೆಲೆ ಎಂದರೆ ಅಲ್ಲಿನ ಆಡಳಿತದ ಅತಿ ಚಿಕ್ಕ ಘಟಕ. ಅಲ್ಲಿ ಒಪ್ಪಿಗೆ ಪಡೆಯದೆ ಹೊಲಕ್ಕೆ ಕಾಲಿಡಬೇಡಿ.

ಪ್ರಯೋಗದ ತಾಕುಗಳನ್ನು ಎರಡು ಬಗೆಯಾಗಿ ಹಾಕಿ. ತರಬೇತಿ ಕೇಂದ್ರದಲ್ಲಿ ಎಲ್ಲ ತಳಿಗಳೂ ಇರುವ ತಾಯಿ ತಾಕು, ಮೂರು ಪುನರಾವರ್ತನೆಗಳಲ್ಲಿ, ಅಂದರೆ ಪ್ರತಿ ತಳಿಯೂ ಮೂರು ಕಡೆ. ರೈತರ ಹೊಲಗಳಲ್ಲಿ ಮರಿ ತಾಕು: ಪ್ರತಿ ರೈತನಿಗೆ ಎರಡೋ ಮೂರೋ ಹೊಸ ತಳಿ, ಪಕ್ಕದಲ್ಲಿ ಅವನದೇ ಮನೆಯ ಬೀಜ. ಸಾಲಿನಿಂದ ಸಾಲಿಗೆ 75 ಸೆಂಟಿಮೀಟರ್ ಬಿಡಿ. ಉಳಿದಂತೆ ಗೊಬ್ಬರ, ಕಳೆ ಎಲ್ಲವೂ ರೈತನ ರೂಢಿಯಂತೆಯೇ ಇರಲಿ. ಅಲ್ಲಿ ನಿಮ್ಮ ವಿದ್ಯಾರ್ಥಿ ಕೈ ಹಾಕಬಾರದು. ಹೊಸ ತಳಿಗಳಲ್ಲಿ ಗೊಬಿಯೆ, ಅಬ್ಶಿರ್ ಇರಲಿ. ಜೋಳದ ಬೇರಿಗೆ ಅಂಟಿ ಸಾರ ಹೀರುವ ಸ್ಟ್ರೈಗಾ ಕಳೆಯನ್ನು ಇವು ತಡೆಯುತ್ತವೆ. ಈ ನಿರೋಧ ಶಕ್ತಿಯ ಹಿಂದಿರುವ ವಿಜ್ಞಾನಿ ಗೆಬಿಸಾ ಎಜೆಟಾ ಇದೇ ಹರಮಾಯದ ಪದವೀಧರರು. ಅವರಿಗೆ 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ತರಗತಿಯಲ್ಲಿ ಈ ಹೆಸರು ಹೇಳಿ, ಹುಡುಗರ ಬೆನ್ನು ನೆಟ್ಟಗಾಗುತ್ತದೆ.

ಒಂದು ಎಚ್ಚರಿಕೆ. ಬೇಗ ಮಾಗುವ ತಳಿಯ ಚಿಕ್ಕ ತಾಕು ಒಂಟಿಯಾಗಿದ್ದರೆ ಊರಿನ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ಕಾವಲಿನವರ ಕೂಲಿಯನ್ನು ಮೊದಲೇ ಖರ್ಚಿನ ಪಟ್ಟಿಯಲ್ಲಿ ಸೇರಿಸಿ.

ತೆನೆ ಬಲಿತಾಗ ರೈತರನ್ನು ತಾಯಿ ತಾಕಿಗೆ ಕರೆಯಿರಿ. ಮೊದಲು ಕೇಳಬೇಕಾದದ್ದು, ಒಳ್ಳೆಯ ಜೋಳದಲ್ಲಿ ಅವರು ಏನನ್ನು ನೋಡುತ್ತಾರೆ ಎಂದು. ನಾನು ಕಂಡಂತೆ ಹೆಂಗಸರು ತೆನೆಗಿಂತ ಮೊದಲು ದಂಟು ಹಿಡಿಯುತ್ತಾರೆ: ಬಗ್ಗಿಸುತ್ತಾರೆ, ಉಗುರಿನಿಂದ ಒತ್ತುತ್ತಾರೆ, ಮುರಿದು ಅಗಿದು ಸಿಹಿ ನೋಡುತ್ತಾರೆ. ದಂಟು ದನಕ್ಕೆ ಮೇವು, ಒಲೆಗೆ ಉರುವಲು, ಬೇಲಿಗೆ ಸಾಮಗ್ರಿ. ಗಿಡ್ಡ ತಳಿಗೆ ಇಳುವರಿಯ ಲೆಕ್ಕದಲ್ಲಿ ಬಹುಮಾನ ಕೊಡುವ ನಮ್ಮ ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ, ಸೇರಿಸಿ. ನಮ್ಮ ಕಡೆ ರೈತರು ಮಾಲದಂಡಿ ಜೋಳವನ್ನು ಇನ್ನೂ ಬಿಡದಿರುವುದೂ ರೊಟ್ಟಿಗಾಗಿ, ದಂಟಿನ ಮೇವಾದ ಕಣಿಕೆಗಾಗಿ. ಅಲ್ಲಿ ರೊಟ್ಟಿಯ ಜಾಗದಲ್ಲಿ ಇಂಜೆರಾ, ಹುಳಿ ಹಿಟ್ಟಿನ ದೋಸೆಯಂಥದ್ದು. ಹಿಟ್ಟು ಮಾಡಿಸಿ, ಹುಳಿಬರಿಸಿ, ಸುಡಿಸಿ ನೋಡದ ತಳಿಯನ್ನು ಶಿಫಾರಸು ಮಾಡಬೇಡಿ.

ಆಮೇಲೆ ಮೆಚ್ಚಿದ ತಳಿಗೆ ರೈತರಿಂದ ಮತ ಹಾಕಿಸಿ; ಅದಕ್ಕೆ ಅವರೆಕಾಳಿನಂಥ ಕಾಳು ಸಾಕು. ಗಂಡಸರಿಗೆ ಒಂದು ಬಣ್ಣ, ಹೆಂಗಸರಿಗೆ ಇನ್ನೊಂದು. ಪ್ರತಿ ತಾಕಿನ ಮುಂದೆ ಒಂದು ಚೀಲ. ಗುಂಪಾಗಿ ಬಿಟ್ಟರೆ ಹಿರಿಯರು ಹಾಕಿದಲ್ಲೇ ಎಲ್ಲರೂ ಹಾಕುತ್ತಾರೆ, ಹಾಗಾಗಿ ಒಬ್ಬೊಬ್ಬರನ್ನೇ ಕಳುಹಿಸಿ. ಹೆಂಗಸರೊಡನೆ ಮಾತಾಡಲು ಅಲ್ಲಿನ ಜನರ ಭಾಷೆ ಅಫಾನ್ ಒರೊಮೊ ಬಲ್ಲ ವಿದ್ಯಾರ್ಥಿನಿ ಇರಲೇಬೇಕು.

ಬೇಗ ಮಾಗುವ ಗಿಡ್ಡ ತಳಿಗೆ ಮತದ ಕಾಳು ಕಡಿಮೆ ಬಿದ್ದಿತೆಂದು ಅದನ್ನು ತಳ್ಳಿಹಾಕಬೇಡಿ. ಏಪ್ರಿಲ್ ಮಳೆ ಕೈಕೊಟ್ಟ ವರ್ಷ ಜೂನ್‌ ಅಥವಾ ಜುಲೈನಲ್ಲಿ ಏನು ಬಿತ್ತುತ್ತೀರಿ ಎಂದು ಮತ್ತೊಂದು ಸುತ್ತು ಕೇಳಿ. ಆಗ ಉತ್ತರ ಬದಲಾಗುತ್ತದೆ. ಎತ್ತರದ ಊರ ಜೋಳಕ್ಕೆ ಬದಲಾಗಿ ಅಲ್ಲ, ಅದು ಕೈಬಿಟ್ಟಾಗ ಆಸರೆಯಾಗಿ ಬೇಕಾದ ತಳಿ ಅದು.

ಕೊನೆಗೆ ಬೀಜ. ಜೋಳ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ, ಅಂದರೆ ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆಯಾದ್ದರಿಂದ ರೈತರು ತೆನೆ ಆರಿಸಿ ಬೀಜ ಇಟ್ಟುಕೊಳ್ಳಬಹುದು. ಗೆದ್ದ ತಳಿಗಳ ಬೀಜವನ್ನು ತಾಕಿನಲ್ಲೇ ಒಣಗಿಸಿ ಹಂಚಿ. ಅಧಿಕೃತವಾಗಿ ಬಿಡುಗಡೆಯಾದವನ್ನು ಮಾತ್ರ. ಫಲಿತಾಂಶವನ್ನು ಒಂದೇ ಹಾಳೆಯಲ್ಲಿ ಅಫಾನ್ ಒರೊಮೊದಲ್ಲಿ ಬರೆಸಿ ಕೆಬೆಲೆ ಕಚೇರಿಯಲ್ಲಿ ಅಂಟಿಸಿ. ಮುಂದಿನ ವರ್ಷ ಹೊಸ ವಿದ್ಯಾರ್ಥಿಯನ್ನು ಅದೇ ಹಳ್ಳಿಗೆ ಕಳುಹಿಸಿ. ಯಾರ ಮನೆಯಲ್ಲಿ ಬೀಜ ಉಳಿದಿದೆ, ಯಾರು ಯಾರಿಗೆ ಕೊಟ್ಟರು, ಯಾರು ಯಾಕೆ ಬಿಟ್ಟರು ಎಂಬುದರಿಂದಲೇ ಆ ವಿದ್ಯಾರ್ಥಿಯ ಪ್ರಬಂಧ ಆರಂಭವಾಗಲಿ.