ಚಿಪ್‌ಗೆ ಕಾಯೋದನ್ನು ಕಲಿಸೋಣ: ಫ್ರೀಆರ್‌ಟಿಒಎಸ್ ಮೊದಲ ಹೆಜ್ಜೆಗಳು

ಕೆಲವು ವರ್ಷಗಳ ಹಿಂದೆ ಒಂದು ಪಂಪ್ ನಿಯಂತ್ರಿಸುವ ಬೋರ್ಡಿಗೆ ಕೋಡ್ ಬರೆಯುತ್ತಿದ್ದೆ. ಮೂರೇ ಕೆಲಸ. ಪ್ರೆಶರ್ ಸೆನ್ಸರ್ ಓದಬೇಕು, ಪುಟ್ಟ ಡಿಸ್‌ಪ್ಲೇ ಮೇಲೆ ಅಂಕಿ ತೋರಿಸಬೇಕು, ಕೆಂಪು ಬಟನ್ ಒತ್ತಿದ ಕೂಡಲೇ ಪಂಪ್ ನಿಲ್ಲಿಸಬೇಕು. ಮೂರನ್ನೂ ಒಂದೇ ದೊಡ್ಡ ಲೂಪಿನೊಳಗೆ ಒಂದರ ಹಿಂದೆ ಒಂದು ಹಾಕಿದ್ದೆ. ಮೇಜಿನ ಮೇಲೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಡಿಸ್‌ಪ್ಲೇ ಪೂರ್ತಿ ಬರೆಯಲು 180 ಮಿಲಿಸೆಕೆಂಡ್ ಬೇಕಾಗುತ್ತಿತ್ತು. ಅಷ್ಟರೊಳಗೆ ಯಾರಾದರೂ ಬಟನ್ ಅನ್ನು ಚಕ್ಕನೆ ಒತ್ತಿ ಬಿಟ್ಟರೆ ಚಿಪ್‌ಗೆ ಗೊತ್ತೇ ಆಗುತ್ತಿರಲಿಲ್ಲ. ಪಂಪ್ ಓಡುತ್ತಲೇ ಇರುತ್ತಿತ್ತು. ಇದು ಅಪಾಯ.

ಇಂಟರಪ್ಟ್ (ಚಿಪ್ ಮಾಡುತ್ತಿರುವುದನ್ನು ಮಧ್ಯದಲ್ಲೇ ನಿಲ್ಲಿಸಿ ತುರ್ತು ಕೆಲಸಕ್ಕೆ ಕರೆಯುವ ಸಂಕೇತ) ಬಳಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಬಳಸಿದೆ, ಬಟನ್ ಸರಿಹೋಯಿತು. ಆಮೇಲೆ ಸೆನ್ಸರನ್ನು 10 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಓದಬೇಕು ಅಂತಾಯಿತು. ಅದಕ್ಕೊಂದು ಟೈಮರ್, ಒಂದು ಫ್ಲ್ಯಾಗ್, ಅಂದರೆ ಹೊತ್ತಾಯಿತು ಅಂತ ಗುರುತಿಡುವ ವೇರಿಯೇಬಲ್. ಸೀರಿಯಲ್ ಲೈನಿನಲ್ಲಿ ಲಾಗ್ ಬೇಕು ಅಂತಾಯಿತು. ಅದಕ್ಕೆ ಇನ್ನೆರಡು ಫ್ಲ್ಯಾಗ್. ಒಂದು ತಿಂಗಳು ಕಳೆಯುವ ಹೊತ್ತಿಗೆ ಯಾವ ಫ್ಲ್ಯಾಗ್ ಯಾವ ಕೆಲಸವನ್ನು ತಡೆದಿಟ್ಟಿದೆ ಅಂತ ಹೇಳುವುದೇ ಕಷ್ಟವಾಯಿತು. ಆಗ ಫ್ರೀಆರ್‌ಟಿಒಎಸ್ ಕೈಗೆತ್ತಿಕೊಂಡೆ. ಅದೊಂದು ಆರ್‌ಟಿಒಎಸ್, ಅಂದರೆ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ.

ರಿಯಲ್ ಟೈಮ್ ಅಂದ ಕೂಡಲೇ ತುಂಬಾ ವೇಗ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ವೇಗ ಅಲ್ಲ, ಹೊತ್ತಿಗೆ ಸರಿಯಾಗಿ ಆಗುವುದು. ಬಟನ್ ಒತ್ತಿದ 5 ಮಿಲಿಸೆಕೆಂಡಿನೊಳಗೆ ಪಂಪ್ ನಿಲ್ಲಬೇಕು ಅಂದರೆ ನಿಲ್ಲಬೇಕು, ಡಿಸ್‌ಪ್ಲೇ ಏನೇ ಮಾಡುತ್ತಿರಲಿ. ನನ್ನ ಲೂಪಿನಲ್ಲಿದ್ದ ತೊಂದರೆ ಚಿಪ್ ನಿಧಾನ ಅನ್ನುವುದಲ್ಲ. ಒಂದು ಕೆಲಸ ಕಾಯುತ್ತಾ ಕೂತರೆ ಉಳಿದವೂ ಅದರ ಜೊತೆ ಕಾಯಬೇಕಿತ್ತು. ಆರ್‌ಟಿಒಎಸ್ ಬಿಡಿಸಿಕೊಡುವುದು ಇದೇ ಗಂಟನ್ನು. ಪ್ರತಿ ಕೆಲಸವೂ ತನ್ನ ಪಾಡಿಗೆ ತಾನು ಕಾಯಬಹುದು, ಬೇರೆಯವರ ದಾರಿಗೆ ಅಡ್ಡ ಬರದೆ.

ಫ್ರೀಆರ್‌ಟಿಒಎಸ್ ಅನ್ನು ರಿಚರ್ಡ್ ಬ್ಯಾರಿ 2003ರ ಸುಮಾರಿಗೆ ಬರೆಯಲು ಶುರು ಮಾಡಿದರು. 2017ರಿಂದ ಅಮೆಜಾನ್ ವೆಬ್ ಸರ್ವಿಸಸ್ ಅದನ್ನು ನೋಡಿಕೊಳ್ಳುತ್ತಿದೆ. ಲೈಸೆನ್ಸ್ ಎಂಐಟಿ, ಅಂದರೆ ನಿಮ್ಮ ಉತ್ಪನ್ನದೊಳಗೆ ಧೈರ್ಯವಾಗಿ ಹಾಕಿಕೊಳ್ಳಬಹುದು. ಇದಲ್ಲದೆ ಜೆಫಿರ್ ಅನ್ನುವ ಇನ್ನೊಂದು ಆರ್‌ಟಿಒಎಸ್ ಇದೆ. ಅದನ್ನು 2016ರಲ್ಲಿ ಲಿನಕ್ಸ್ ಫೌಂಡೇಶನ್ ಶುರು ಮಾಡಿತು, ಡ್ರೈವರ್‌ಗಳ ದೊಡ್ಡ ಸಂಗ್ರಹವೇ ಅದರ ಜೊತೆ ಬರುತ್ತದೆ. ಆದರೆ ಮೊದಲ ಸಲ ಕಲಿಯುವವರಿಗೆ ನಾನು ಫ್ರೀಆರ್‌ಟಿಒಎಸ್ ಅನ್ನೇ ಹೇಳುತ್ತೇನೆ. ಕಾರಣ ಸರಳ: ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ಮೂಲ ಭಾಗ) ತಿರುಳು ಮೂರೇ ಸಿ ಫೈಲ್. ಟಾಸ್ಕ್ಸ್, ಕ್ಯೂ, ಲಿಸ್ಟ್. ಇದರ ಜೊತೆ ನಿಮ್ಮ ಚಿಪ್‌ಗೆ ತಕ್ಕ ಪೋರ್ಟ್ ಫೈಲ್, ಮೆಮೊರಿ ಹಂಚುವ ಒಂದು ಹೀಪ್ ಫೈಲ್, ಸೆಟ್ಟಿಂಗ್‌ಗಳಿರುವ ಒಂದು ಕಾನ್ಫಿಗ್ ಫೈಲ್. ಕೂತು ಓದಿ ಮುಗಿಸಬಹುದಾದ ಆಪರೇಟಿಂಗ್ ಸಿಸ್ಟಂ ಇದು. ನಾನು ಓದಿದೆ. ಆಮೇಲೇ ಅದರ ಮೇಲೆ ನಂಬಿಕೆ ಬಂದಿದ್ದು.

ಬೋರ್ಡ್ ಇಲ್ಲ ಅಂತ ಕಾಯಬೇಡಿ. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಓಡುವ ಪೋರ್ಟ್‌ಗಳಿವೆ. ಗಿಟ್‌ಹಬ್‌ನಿಂದ ಸಬ್‌ಮಾಡ್ಯೂಲ್‌ಗಳ ಸಮೇತ ಇಳಿಸಿಕೊಳ್ಳಿ. ಸಬ್‌ಮಾಡ್ಯೂಲ್ ಮರೆತರೆ ಕರ್ನಲ್ ಫೋಲ್ಡರ್ ಖಾಲಿ ಇರುತ್ತದೆ, ಸುಮ್ನೆ ಅರ್ಧ ಗಂಟೆ ಹೋಗುತ್ತದೆ. ಡೆಮೊ ಫೋಲ್ಡರಿನಲ್ಲಿ ಪೋಸಿಕ್ಸ್ ಜಿಸಿಸಿ ಅನ್ನುವುದನ್ನು ಹುಡುಕಿ, ಬ್ಲಿಂಕಿ ಡೆಮೊ ಆರಿಸಿಕೊಂಡು ಮೇಕ್ ಕೊಡಿ. ಅದರಲ್ಲಿ ಒಂದು ಟಾಸ್ಕ್ (ತನ್ನ ಪಾಡಿಗೆ ಓಡುವ ಒಂದು ಕೆಲಸ) ಕ್ಯೂಗೆ (ಸಂದೇಶಗಳ ಸಾಲು) ಆಗಾಗ ಸಂದೇಶ ಹಾಕುತ್ತದೆ, ಇನ್ನೊಂದು ಟಾಸ್ಕ್ ತೆಗೆದು ಪರದೆ ಮೇಲೆ ಬರೆಯುತ್ತದೆ. ಇಲ್ಲಿ ಸಮಯದ ಲೆಕ್ಕ ನಿಖರವಾಗಿರುವುದಿಲ್ಲ. ಆದರೆ ಟಾಸ್ಕ್, ಕ್ಯೂ, ಕಾಯುವಿಕೆ ಇವೆಲ್ಲ ಹೇಗೆ ನಡೆಯುತ್ತವೆ ಅಂತ ನೋಡಲು ಸಾಕು.

ಕೋಡ್ ತೆರೆದಾಗ ಹೆಸರುಗಳು ವಿಚಿತ್ರವಾಗಿ ಕಾಣುತ್ತವೆ. ವಿಟಾಸ್ಕ್‌ಡಿಲೇ, ಎಕ್ಸ್‌ಕ್ಯೂಸೆಂಡ್ ಹೀಗೆ. ಗುಟ್ಟು ತಿಳಿದರೆ ಸುಲಭ. ಮೊದಲ ಅಕ್ಷರ ಫಂಕ್ಷನ್ ಏನು ಹಿಂತಿರುಗಿಸುತ್ತದೆ ಅಂತ ಹೇಳುತ್ತದೆ. ವಿ ಅಂದರೆ ವಾಯ್ಡ್, ಏನೂ ಇಲ್ಲ. ಮುಂದಿನ ಪದ ಅದು ಯಾವ ಫೈಲಿನಲ್ಲಿದೆ ಅಂತ ಹೇಳುತ್ತದೆ. ಹಾಗಾಗಿ ಎಕ್ಸ್‌ಕ್ಯೂಸೆಂಡ್ ಹುಡುಕಬೇಕಾದರೆ ಕ್ಯೂ ಫೈಲಿಗೆ ಹೋದರಾಯಿತು.

ಈಗ ಟಾಸ್ಕ್. ಅದು ಒಂದು ಸಿ ಫಂಕ್ಷನ್, ಒಳಗೆ ಮುಗಿಯದ ಲೂಪ್. ಆ ಫಂಕ್ಷನ್ ಯಾವತ್ತೂ ರಿಟರ್ನ್ ಆಗಬಾರದು. ಎಕ್ಸ್‌ಟಾಸ್ಕ್‌ಕ್ರಿಯೇಟ್‌ಗೆ ಆ ಫಂಕ್ಷನ್, ಒಂದು ಹೆಸರು, ಸ್ಟ್ಯಾಕ್ (ಟಾಸ್ಕ್‌ನ ಸ್ವಂತ ಮೆಮೊರಿ) ಎಷ್ಟು, ಆದ್ಯತೆ ಎಷ್ಟು ಅಂತ ಕೊಡಬೇಕು. ಟಾಸ್ಕ್‌ಗಳನ್ನೆಲ್ಲ ಸೃಷ್ಟಿಸಿ ಆದಮೇಲೆ ಶೆಡ್ಯೂಲರ್ (ಈಗ ಯಾರು ಓಡಬೇಕು ಅಂತ ತೀರ್ಮಾನಿಸುವ ಭಾಗ) ಶುರು ಮಾಡಿ. ಮೇನ್ ಫಂಕ್ಷನ್ನಿನಲ್ಲಿ ಅದರ ಮುಂದಿನ ಸಾಲು ಓಡಿತು ಅಂದರೆ ಬಹುತೇಕ ಹೀಪ್ ಸಾಲದೇ ಹೋಗಿದೆ ಅಂತ ಅರ್ಥ.

ಶೆಡ್ಯೂಲರ್‌ನ ನಿಯಮ ಒಂದೇ: ಓಡಲು ಸಿದ್ಧವಾಗಿರುವವರಲ್ಲಿ ಆದ್ಯತೆ ಜಾಸ್ತಿ ಇರುವವರು ಓಡುತ್ತಾರೆ. ಸಮ ಆದ್ಯತೆ ಇದ್ದರೆ ಸರದಿ ಪ್ರಕಾರ. ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ದೊಡ್ಡ ಆದ್ಯತೆಯ ಟಾಸ್ಕ್ ಯಾವಾಗಲೂ ಸಿದ್ಧವಾಗಿಯೇ ಇದ್ದರೆ ಕೆಳಗಿನವರಿಗೆ ಸರದಿ ಬರುವುದೇ ಇಲ್ಲ. ಹಾಗಾಗಿ ಮೇಲಿರುವ ಟಾಸ್ಕ್ ಜಾಸ್ತಿ ಹೊತ್ತು ಬ್ಲಾಕ್ ಆಗಿರಬೇಕು, ಅಂದರೆ ಏನಕ್ಕಾದರೂ ಕಾಯುತ್ತಾ ಮಲಗಿರಬೇಕು. ಎದ್ದು, ತನ್ನ ಕೆಲಸ ಮುಗಿಸಿ, ಮತ್ತೆ ಮಲಗಬೇಕು. ನಾನು ಯಾರದೇ ಕೋಡ್ ನೋಡುವಾಗ ಮೊದಲು ಹುಡುಕುವುದು ಇದನ್ನೇ: ಈ ಟಾಸ್ಕ್ ಎಲ್ಲಿ ಕಾಯುತ್ತದೆ? ಉತ್ತರ ಸಿಗದಿದ್ದರೆ ಅಲ್ಲೇ ತಪ್ಪಿದೆ.

ಕಾಯುವುದರಲ್ಲೂ ಎರಡು ಬಗೆ. ವಿಟಾಸ್ಕ್‌ಡಿಲೇ ಅಂದರೆ ಈಗಿನಿಂದ ಇಷ್ಟು ಹೊತ್ತು ಮಲಗು ಅಂತ. ಸೆನ್ಸರ್ ಓದಲು 2 ಮಿಲಿಸೆಕೆಂಡ್ ಹಿಡಿದು, ಆಮೇಲೆ 10 ಮಿಲಿಸೆಕೆಂಡ್ ಮಲಗಿದರೆ ಒಂದು ಸುತ್ತಿಗೆ 12 ಆಯಿತು, ಅಲ್ವಾ? ನನ್ನ ಲಾಗಿನಲ್ಲಿ ಒಂದು ನಿಮಿಷಕ್ಕೆ 6000 ಬದಲು ಸುಮಾರು 5000 ಅಳತೆ ಮಾತ್ರ ಬಂದಾಗ ಇದು ಹೊಳೆಯಿತು. ಡಿಲೇ ಅಂಟಿಲ್ ಅನ್ನುವ ಇನ್ನೊಂದು ಫಂಕ್ಷನ್ ಇದೆ. ಅದು ಕಳೆದ ಸಲ ಎದ್ದ ಸಮಯದಿಂದ ಲೆಕ್ಕ ಹಾಕುತ್ತದೆ. ನಿಯಮಿತವಾಗಿ ಅಳೆಯುವ ಕೆಲಸಕ್ಕೆಲ್ಲ ಅದನ್ನೇ ಬಳಸಿ. ಮಿಲಿಸೆಕೆಂಡನ್ನು ಟಿಕ್ಕಿಗೆ (ಕರ್ನಲ್ ಸಮಯ ಎಣಿಸುವ ಬಡಿತ) ಬದಲಿಸುವ ಮ್ಯಾಕ್ರೊ ಇದೆ, ಅದನ್ನೂ ಬಳಸಿ. ನಾಳೆ ಟಿಕ್ ದರವನ್ನು ಸೆಕೆಂಡಿಗೆ 1000ದಿಂದ 100ಕ್ಕೆ ಇಳಿಸಿದರೂ ಕೋಡ್ ಮುರಿಯುವುದಿಲ್ಲ.

ಟಾಸ್ಕ್‌ಗಳು ಮಾತಾಡಿಕೊಳ್ಳಲು ಕ್ಯೂ. ಕ್ಯೂಗೆ ಹಾಕಿದ್ದು ನಕಲಾಗಿ ಹೋಗುತ್ತದೆ, ಹಾಗಾಗಿ ಹಾಕಿದವನು ತನ್ನ ವೇರಿಯೇಬಲ್ ಬದಲಿಸಿಕೊಂಡರೂ ಪಡೆದವನಿಗೆ ತೊಂದರೆ ಇಲ್ಲ. ಪಂಪ್ ಬೋರ್ಡಿನಲ್ಲಿ ಸೆನ್ಸರ್ ಟಾಸ್ಕ್ ಅಂಕಿಯನ್ನು ಕ್ಯೂಗೆ ಹಾಕುತ್ತಿತ್ತು, ಡಿಸ್‌ಪ್ಲೇ ಟಾಸ್ಕ್ ಆ ಕ್ಯೂ ಮುಂದೆ ಮಲಗಿರುತ್ತಿತ್ತು. ಬಟನ್ ಟಾಸ್ಕ್‌ಗೆ ಆದ್ಯತೆ 3, ಸೆನ್ಸರ್‌ಗೆ 2, ಡಿಸ್‌ಪ್ಲೇಗೆ 1. ಡಿಸ್‌ಪ್ಲೇ ಈಗಲೂ 180 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಮಧ್ಯೆಯೇ ಉಳಿದ ಇಬ್ಬರು ಎದ್ದು ಕೆಲಸ ಮುಗಿಸಿ ಮಲಗುತ್ತಾರೆ. ಒಂದೇ ಒಂದು ಫ್ಲ್ಯಾಗ್ ಉಳಿಯಲಿಲ್ಲ.

ಒಂದೇ ಸೀರಿಯಲ್ ಪೋರ್ಟನ್ನು ಇಬ್ಬರು ಬಳಸಿದರೆ ಮ್ಯೂಟೆಕ್ಸ್ ಬೇಕು, ಅಂದರೆ ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಬೀಗ. ಇಲ್ಲಿ ಬೈನರಿ ಸೆಮಾಫೋರ್ (ಒಂದು ಟಾಸ್ಕ್‌ಗೆ ಸನ್ನೆ ಕೊಡುವ ಸಾಧನ) ಬಳಸಬೇಡಿ, ನೋಡಲು ಎರಡೂ ಒಂದೇ ಥರ ಇದ್ದರೂ. ಯಾಕೆ ಅಂತ ಒಂದು ನಿಜ ಘಟನೆ ಹೇಳುತ್ತದೆ. 1997ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪಾತ್‌ಫೈಂಡರ್ ನೌಕೆ ಪದೇ ಪದೇ ರೀಸೆಟ್ ಆಗುತ್ತಿತ್ತು. ಹವಾಮಾನದ ದತ್ತಾಂಶ ನೋಡುವ ಕೆಳ ಆದ್ಯತೆಯ ಟಾಸ್ಕ್ ಒಂದು ಮ್ಯೂಟೆಕ್ಸ್ ಹಿಡಿದಿತ್ತು. ಬಸ್ ನಿರ್ವಹಿಸುವ ಮೇಲಿನ ಟಾಸ್ಕ್ ಅದಕ್ಕೆ ಕಾಯುತ್ತಿತ್ತು. ಮಧ್ಯದ ಆದ್ಯತೆಯ ಟಾಸ್ಕ್ ಬಂದು ಕೆಳಗಿನವನನ್ನು ಓಡಲು ಬಿಡಲಿಲ್ಲ. ಅಂದರೆ ಮೇಲಿನವನು ಮಧ್ಯದವನಿಗೆ ಕಾಯುವ ಹಾಗಾಯಿತು. ಕೆಲಸ ಹೊತ್ತಿಗೆ ಮುಗಿಯುತ್ತಿದೆಯಾ ಅಂತ ಕಾವಲು ಕಾಯುವ ವಾಚ್‌ಡಾಗ್ ನೌಕೆಯನ್ನು ರೀಸೆಟ್ ಮಾಡುತ್ತಿತ್ತು. ಅಲ್ಲಿ ಓಡುತ್ತಿದ್ದದ್ದು ವಿಎಕ್ಸ್‌ವರ್ಕ್ಸ್ ಅನ್ನುವ ಬೇರೆ ಆರ್‌ಟಿಒಎಸ್. ಮ್ಯೂಟೆಕ್ಸ್ ಹಿಡಿದವನಿಗೆ ಅದಕ್ಕೆ ಕಾಯುವವನ ಆದ್ಯತೆ ಎರವಲು ಕೊಡುವ ಸೌಲಭ್ಯ ಅದರಲ್ಲಿತ್ತು, ಆದರೆ ಆ ಮ್ಯೂಟೆಕ್ಸ್‌ಗೆ ಹಾಕಿರಲಿಲ್ಲ. ಭೂಮಿಯಿಂದಲೇ ಅದನ್ನು ಹಾಕಿ ಸರಿಪಡಿಸಿದರು. ಫ್ರೀಆರ್‌ಟಿಒಎಸ್‌ನ ಮ್ಯೂಟೆಕ್ಸ್‌ನಲ್ಲಿ ಈ ಎರವಲು ತಾನಾಗಿಯೇ ಇದೆ. ಬೈನರಿ ಸೆಮಾಫೋರ್‌ನಲ್ಲಿ ಇಲ್ಲ.

ಇನ್ನು ಸ್ಟ್ಯಾಕ್. ನನ್ನನ್ನು ಅತಿ ಜಾಸ್ತಿ ಕಾಡಿದ್ದು ಇದು. ಡಿಸ್‌ಪ್ಲೇ ಟಾಸ್ಕ್‌ಗೆ 128 ಅಂತ ಕೊಟ್ಟಿದ್ದೆ. ಈ ಅಂಕಿ ಬೈಟ್ ಅಲ್ಲ, ವರ್ಡ್. 32 ಬಿಟ್ ಚಿಪ್‌ನಲ್ಲಿ 512 ಬೈಟ್ ಆಗುತ್ತದೆ. (ಇಎಸ್‌ಪಿ32 ಬಳಸುವವರು ಗಮನಿಸಿ: ಆ ಚಿಪ್‌ನ ಸಾಫ್ಟ್‌ವೇರ್ ಕಿಟ್ ಆದ ಇಎಸ್‌ಪಿ-ಐಡಿಎಫ್‌ನಲ್ಲಿ ಮಾತ್ರ ಈ ಅಂಕಿ ಬೈಟ್‌ನಲ್ಲೇ ಇರುತ್ತದೆ.) ಎಲ್ಲ ಸರಿಯಾಗಿತ್ತು. ಒಂದು ದಿನ ಪ್ರೆಶರನ್ನು ದಶಾಂಶದಲ್ಲಿ ತೋರಿಸಲು ಅಂಕಿಯನ್ನು ಅಕ್ಷರವಾಗಿಸುವ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ ಸೇರಿಸಿದೆ. ಬೋರ್ಡ್ ಕೆಲವೊಮ್ಮೆ ಇಪ್ಪತ್ತು ನಿಮಿಷಕ್ಕೆ, ಕೆಲವೊಮ್ಮೆ ಅರ್ಧ ದಿನಕ್ಕೆ ನಿಂತುಬಿಡುತ್ತಿತ್ತು. ಎರಡು ದಿನ ಸೆನ್ಸರ್ ಟಾಸ್ಕ್‌ನಲ್ಲೇ ತಪ್ಪು ಹುಡುಕಿದೆ, ಯಾಕೆಂದರೆ ಕೆಡುತ್ತಿದ್ದದ್ದು ಅದರ ಅಂಕಿಗಳು. ಕೊನೆಗೆ ಕಾನ್ಫಿಗ್ ಫೈಲಿನಲ್ಲಿ ಸ್ಟ್ಯಾಕ್ ಓವರ್‌ಫ್ಲೋ ತಪಾಸಣೆಯನ್ನು 2ಕ್ಕೆ ಇಟ್ಟೆ. ಹಾಗಿಟ್ಟರೆ ಕರ್ನಲ್ ಪ್ರತಿ ಸ್ಟ್ಯಾಕನ್ನೂ ಮೊದಲೇ ಹೆಕ್ಸ್ ಎ5 ಅನ್ನುವ ಗುರುತಿನಿಂದ ತುಂಬಿ, ಟಾಸ್ಕ್ ಬದಲಾಗುವಾಗಲೆಲ್ಲ ತುದಿಯ ಗುರುತು ಅಳಿಸಿದೆಯಾ ಅಂತ ನೋಡುತ್ತದೆ. ಮೊದಲ ನಿಮಿಷದಲ್ಲೇ ಡಿಸ್‌ಪ್ಲೇ ಟಾಸ್ಕ್‌ನ ಹೆಸರು ಸಿಕ್ಕಿತು. ಅದರ ಸ್ಟ್ಯಾಕ್ ತುಂಬಿ ಪಕ್ಕದ ಮೆಮೊರಿಯೊಳಗೆ ನುಗ್ಗುತ್ತಿತ್ತು.

ಆವತ್ತಿನಿಂದ ಹೊಸ ಪ್ರಾಜೆಕ್ಟ್ ಶುರು ಮಾಡಿದ ದಿನವೇ ಆ ತಪಾಸಣೆ ಹಾಕುತ್ತೇನೆ, ಕಾನ್ಫಿಗ್ ಅಸರ್ಟ್ (ತಪ್ಪು ಕಂಡಲ್ಲೇ ನಿಲ್ಲಿಸುವ ತಪಾಸಣೆ) ಕೂಡ. ಪ್ರತಿ ಟಾಸ್ಕ್‌ಗೂ ಮೊದಲು ಧಾರಾಳವಾಗಿ ಸ್ಟ್ಯಾಕ್ ಕೊಟ್ಟು, ಹೈ ವಾಟರ್ ಮಾರ್ಕ್ ಫಂಕ್ಷನ್ ಕರೆದು ಈವರೆಗೆ ಕನಿಷ್ಠ ಎಷ್ಟು ಉಳಿದಿತ್ತು ಅಂತ ನೋಡುತ್ತೇನೆ. ಆಮೇಲೆ ಕಡಿಮೆ ಮಾಡುತ್ತೇನೆ. ಹೀಪ್ ವಿಷಯಕ್ಕೆ ಬಂದರೆ ಐದು ಫೈಲ್‌ಗಳಿವೆ. ಯಾವುದು ಅಂತ ಗೊಂದಲವಾದರೆ ಹೀಪ್ 4 ತೆಗೆದುಕೊಳ್ಳಿ, ಅದು ಅಕ್ಕಪಕ್ಕದ ಖಾಲಿ ತುಂಡುಗಳನ್ನು ಮತ್ತೆ ಒಂದು ಮಾಡುತ್ತದೆ. ಟಾಸ್ಕ್‌ಗಳನ್ನು ಒಮ್ಮೆ ಸೃಷ್ಟಿಸಿ ಮತ್ತೆಂದೂ ಅಳಿಸದಿದ್ದರೆ ಹೀಪ್ 1 ಸಾಕು.

ಕಂಪ್ಯೂಟರಿನಿಂದ ನಿಜವಾದ ಬೋರ್ಡಿಗೆ ಹೋದಾಗ ಕಾರ್ಟೆಕ್ಸ್-ಎಂ (ಆರ್ಮ್‌ನ ಒಂದು ಪ್ರೊಸೆಸರ್ ಬಗೆ) ಚಿಪ್ ಆಗಿದ್ದರೆ ಇನ್ನೊಂದು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಟಾಸ್ಕ್ ಆದ್ಯತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಮೇಲು. ಇಂಟರಪ್ಟ್ ಆದ್ಯತೆಯಲ್ಲಿ ತಲೆಕೆಳಗು, ಅಂಕಿ ಚಿಕ್ಕದಾದಷ್ಟೂ ಮೇಲು. ರೀಸೆಟ್ ಆದಾಗ ಇಂಟರಪ್ಟ್‌ಗಳ ಆದ್ಯತೆ 0, ಅಂದರೆ ಎಲ್ಲಕ್ಕಿಂತ ಮೇಲೆ. ಕರ್ನಲ್ ಮುಟ್ಟಬಹುದಾದ ಇಂಟರಪ್ಟ್‌ಗಳಿಗೆ ಕಾನ್ಫಿಗ್ ಫೈಲಿನಲ್ಲಿ ಒಂದು ಮಿತಿ ಇರುತ್ತದೆ. ಅದಕ್ಕಿಂತ ಮೇಲಿರುವ ಇಂಟರಪ್ಟ್ ಕರ್ನಲ್‌ನ ಯಾವ ಫಂಕ್ಷನ್ನನ್ನೂ ಕರೆಯಬಾರದು. ಬಟನ್ನಿನ ಇಂಟರಪ್ಟ್‌ಗೆ ಆದ್ಯತೆ ಹೊಂದಿಸದೆ 0 ಆಗಿಯೇ ಬಿಟ್ಟು ಅದರೊಳಗಿಂದ ಕ್ಯೂಗೆ ಬರೆದರೆ ಕರ್ನಲ್ಲಿನ ಪಟ್ಟಿಗಳು ಯಾವಾಗಲೋ ಒಮ್ಮೆ ಕೆಡುತ್ತವೆ. ಅಸರ್ಟ್ ಹಾಕಿದ್ದರೆ ಅಲ್ಲೇ ನಿಂತು ತೋರಿಸುತ್ತದೆ.

ಇಂಟರಪ್ಟ್ ಒಳಗೆ ಹೆಸರಿನ ಕೊನೆಯಲ್ಲಿ ಫ್ರಂಐಎಸ್ಆರ್ ಇರುವ ಫಂಕ್ಷನ್‌ಗಳನ್ನೇ ಬಳಸಿ. ಅವು ಯಾವತ್ತೂ ಕಾಯುವುದಿಲ್ಲ. ಅವು ಮೇಲಿನ ಆದ್ಯತೆಯ ಟಾಸ್ಕ್ ಎದ್ದಿದೆ ಅಂತ ಹೇಳಿದರೆ, ಇಂಟರಪ್ಟ್ ಮುಗಿಸುವ ಮುಂಚೆ ಸರದಿಯನ್ನು ಕೂಡಲೇ ಅದಕ್ಕೆ ಬಿಟ್ಟುಕೊಡುವ ಯೀಲ್ಡ್ ಮ್ಯಾಕ್ರೊ ಕರೆಯಿರಿ. ಮರೆತರೂ ಕೋಡ್ ಓಡುತ್ತದೆ, ಆದರೆ ಎದ್ದ ಟಾಸ್ಕ್ ಮುಂದಿನ ಟಿಕ್‌ವರೆಗೂ ಸುಮ್ಮನೆ ಕೂತಿರಬಹುದು. ಟಿಕ್ ದರ 1000 ಇದ್ದರೆ ಅದು 1 ಮಿಲಿಸೆಕೆಂಡ್. 100 ಇದ್ದರೆ 10, ಮತ್ತು ನನ್ನ ಪಂಪ್‌ನ 5 ಮಿಲಿಸೆಕೆಂಡ್ ಗಡುವು ಅಲ್ಲಿಗೇ ತಪ್ಪಿಹೋಗುತ್ತಿತ್ತು.