ಕಾರಿನೊಳಗಿನ 230 ವೋಲ್ಟ್ ಪ್ಲಗ್ಗನ್ನು ಬಳಸುವ ಕ್ರಮ

ಕೆಲವು ಕಾರುಗಳಲ್ಲಿ ಹಿಂದಿನ ಸೀಟಿನವರಿಗೆಂದು ಕೊಟ್ಟಿರುವ ಪ್ಲಗ್ ಪಾಯಿಂಟನ್ನು ಕಂಡವರಿಗೆ ಮನೆಯ ಗೋಡೆಯ ಪ್ಲಗ್ಗೇ ಗಾಡಿಗೆ ಬಂದಂತೆ ಅನಿಸುತ್ತದೆ. ಆಕಾರವೂ ವೋಲ್ಟೇಜೂ ಹೆಚ್ಚುಕಡಿಮೆ ಅವೇ; ಬೇರೆಯಾದದ್ದು ತಾಕತ್ತು. ಮನೆಯ 6 ಆಂಪಿಯರ್ ಪಾಯಿಂಟ್ ಸಾವಿರ ವ್ಯಾಟ್‌ಗೂ ಮೀರಿದ ಹೊರೆಯನ್ನು ತಾಳುತ್ತದೆ. ಆದರೆ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ ಕೊಡುವ ಇನ್ವರ್ಟರ್‌ನ ಮಿತಿ ಸಾಮಾನ್ಯವಾಗಿ 100ರಿಂದ 150 ವ್ಯಾಟ್ ಮಾತ್ರ. ಈ ಮಿತಿಯನ್ನು ಪ್ಲಗ್ಗಿನ ಮುಚ್ಚಳದ ಮೇಲೋ ಕೈಪಿಡಿಯಲ್ಲೋ ನಮೂದಿಸಿರುತ್ತಾರೆ. ಏನನ್ನಾದರೂ ಚುಚ್ಚುವ ಮೊದಲು ಅದನ್ನು ಹುಡುಕಿ ಓದಿಕೊಳ್ಳಬೇಕು.

ಅನಂತರ ಓದಬೇಕಾದದ್ದು ನಿಮ್ಮ ಚಾರ್ಜರ್‌ನ ಹಿಂಬದಿಯ ಚೀಟಿಯನ್ನು. ಅನೇಕರು ಎಡವುವುದು ಇಲ್ಲೇ. ಲ್ಯಾಪ್‌ಟಾಪ್ ಚಾರ್ಜರ್ ಒಂದರ ಮೇಲೆ ಇನ್‌ಪುಟ್ ಎದುರು 100–240 ವೋಲ್ಟ್, 1.7 ಆಂಪಿಯರ್ ಎಂದೂ ಔಟ್‌ಪುಟ್ ಎದುರು 20 ವೋಲ್ಟ್, 3.25 ಆಂಪಿಯರ್ ಎಂದೂ ಬರೆದಿದೆಯೆನ್ನಿ. 1.7ನ್ನು 230ರಿಂದ ಗುಣಿಸಿ 391 ವ್ಯಾಟ್ ಎಂದು ಗಾಬರಿಯಾಗಬೇಕಿಲ್ಲ, ಆ 1.7 ಆಂಪಿಯರ್ ಎನ್ನುವುದು ಅತಿ ಕಡಿಮೆ ವೋಲ್ಟೇಜಿನಲ್ಲಿ ಆಗಬಹುದಾದ ಗರಿಷ್ಠ ಸೆಳೆತ. ಔಟ್‌ಪುಟ್ಟಿನ ಎರಡು ಅಂಕಿಗಳನ್ನು ಗುಣಿಸಿದರೆ 65 ವ್ಯಾಟ್ ಬರುತ್ತದೆ. ಚಾರ್ಜರ್ ತಾನೇ ನುಂಗುವ ಶೇಕಡಾ ಹತ್ತು–ಹದಿನೈದನ್ನು ಅದಕ್ಕೆ ಸೇರಿಸಿಕೊಂಡರೂ 75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ 150 ವ್ಯಾಟ್‌ನ ಪ್ಲಗ್ಗಿಗೆ ಇಂಥದೊಂದು ಲ್ಯಾಪ್‌ಟಾಪ್, ಜೊತೆಗೆ ಕ್ಯಾಮೆರಾ ಬ್ಯಾಟರಿಯ ಚಾರ್ಜರ್ ನಿರಾತಂಕವಾಗಿ ಸಲ್ಲುತ್ತವೆ. ಮೊಬೈಲಿಗೆ ಮಾತ್ರ ಈ ಪ್ಲಗ್ ಬೇಡವೆನ್ನುವುದು ನನ್ನ ಅಭಿಪ್ರಾಯ: 12 ವೋಲ್ಟನ್ನು 230ಕ್ಕೆ ಏರಿಸಿ, ಮತ್ತೆ 5ಕ್ಕೋ 9ಕ್ಕೋ ಇಳಿಸುವ ಸುತ್ತುಬಳಸಿನಲ್ಲಿ ವಿದ್ಯುತ್ತು ಎರಡು ಸಲ ಶಾಖವಾಗಿ ಪೋಲಾಗುತ್ತದೆ. ಕಾರಿನ ಯುಎಸ್‌ಬಿ ಕಿಂಡಿಯೇ ಆ ಕೆಲಸಕ್ಕೆ ತಕ್ಕದ್ದು.

ಬಿಸಿ ಮಾಡುವ, ತಿರುಗಿಸುವ ಉಪಕರಣಗಳನ್ನು ಹತ್ತಿರ ತರಲೇಬಾರದು. ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆಗಳ ಮಾತು ಹಾಗಿರಲಿ, 500 ವ್ಯಾಟ್‌ನ ಮಿಕ್ಸಿಯ ಮೋಟಾರು ಕೂಡ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟನ್ನು ಎಳೆಯುತ್ತದೆ. ಒಂದು ಮಳೆಗಾಲದಲ್ಲಿ ತೀರ್ಥಹಳ್ಳಿಯ ಕಡೆಯ ನೆಂಟರ ಮನೆಯಲ್ಲಿ ಎರಡು ದಿನ ಕರೆಂಟು ಹೋಗಿದ್ದಾಗ, ಅಂಗಳದಲ್ಲಿ ನಿಲ್ಲಿಸಿದ್ದ ಕಾರಿಗೆ ನಮ್ಮ ಚಿಕ್ಕಮ್ಮ ಚಟ್ನಿಯ ಮಿಕ್ಸಿ ಚುಚ್ಚಿಯೇಬಿಟ್ಟರು. ಬ್ಲೇಡು ಒಮ್ಮೆ ಅಲುಗಿತು, ಪ್ಲಗ್ಗಿನ ಪಕ್ಕದ ಹಸಿರು ದೀಪ ಆರಿತು, ಅಷ್ಟೇ. ಇನ್ವರ್ಟರ್ ತನ್ನನ್ನು ತಾನೇ ಕಾಪಾಡಿಕೊಂಡಿತ್ತು. ಇಗ್ನಿಷನ್ ಆಫ್ ಮಾಡಿ ಮತ್ತೆ ಹಾಕಿದಾಗ ದೀಪ ಮರಳಿತು. ಚಟ್ನಿಯನ್ನು ಒರಳಿನಲ್ಲಿ ರುಬ್ಬಿದೆವು.

ಬಳಸುವಾಗ ಮೊದಲು ಎಂಜಿನ್ ಚಾಲೂ ಮಾಡಿ, ಇನ್ವರ್ಟರ್‌ಗೆ ಬೇರೆ ಗುಂಡಿಯಿದ್ದರೆ ಅದನ್ನು ಒತ್ತಿ, ದೀಪ ಹೊತ್ತಿಕೊಂಡ ಮೇಲೆ ಚಾರ್ಜರನ್ನು ಚುಚ್ಚಬೇಕು. ನಿಲ್ಲಿಸುವಾಗ ಚಾರ್ಜರನ್ನೇ ಮೊದಲು ಕೀಳಬೇಕು. ಎಂಜಿನ್ ತಿರುಗಿಸುವ ಹೊತ್ತಿನಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿದೇಳುವುದರಿಂದ ಈ ಕ್ರಮ ಅಗತ್ಯ. ಇನ್ವರ್ಟರ್ ಸೀಟಿನ ಕೆಳಗಿದ್ದರೆ ಅದರ ಗಾಳಿಕಿಂಡಿಗೆ ಚೀಲ ಒತ್ತಿಡಬಾರದು; ಬಿಸಿಲಿನಲ್ಲಿ ನಿಂತು ಕಾದ ಕಾರಿನಲ್ಲಿ ಒಳಗಿನ ಸೆಕೆ ಇಳಿಯುವವರೆಗೆ ತಡೆಯುವುದು ಲೇಸು.

ಎಂಜಿನ್ ನಿಲ್ಲಿಸಿ ಬಳಸುವವರು ಒಂದು ಲೆಕ್ಕವನ್ನು ನೆನಪಿಡಬೇಕು. 150 ವ್ಯಾಟ್ ಹೊರೆಗೆ ಬ್ಯಾಟರಿಯಿಂದ ಸುಮಾರು 14 ಆಂಪಿಯರ್ ಹರಿಯುತ್ತದೆ. ಹೀಗಾಗಿ 45 ಆಂಪಿಯರ್–ಅವರ್‌ನ ಹೊಸ ಬ್ಯಾಟರಿ ಕೂಡ ಒಂದೂವರೆ ಗಂಟೆಯಲ್ಲಿ ಅರ್ಧ ಖಾಲಿಯಾಗುತ್ತದೆ. ಹಳೆಯದಾದರೆ ಇನ್ನೂ ಬೇಗ. ವೋಲ್ಟೇಜ್ ಇಳಿದಾಗ ಇನ್ವರ್ಟರ್ ತಾನಾಗಿ ನಿಲ್ಲುತ್ತದಲ್ಲ ಎಂದು ನೆಚ್ಚಿಕೊಳ್ಳುವಂತಿಲ್ಲ. ಬಹಳಷ್ಟು ಇನ್ವರ್ಟರ್‌ಗಳು ನಿಲ್ಲುವುದು 10.5 ವೋಲ್ಟ್‌ನ ಹತ್ತಿರ, ಅಷ್ಟರಲ್ಲಿ ಸ್ಟಾರ್ಟರ್ ತಿರುಗಿಸುವ ಶಕ್ತಿ ಬ್ಯಾಟರಿಯಲ್ಲಿ ಉಳಿದಿರುವುದಿಲ್ಲ. ಹಾಗೆಂದು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟುಕೊಂಡು ಕೆಲಸ ಮಾಡುವುದು ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಅಮೆರಿಕದಲ್ಲಿರುವ ಕನ್ನಡಿಗರ ಗಾಡಿಯಲ್ಲಿ ಈ ಪ್ಲಗ್ 120 ವೋಲ್ಟಿನದು. ಚೀಟಿಯಲ್ಲಿ 100–240 ಎಂದಿರುವ ಚಾರ್ಜರ್‌ಗಳು ಅಲ್ಲಿಯೂ ಇಲ್ಲಿಯೂ ನಡೆಯುತ್ತವೆ. ಊರಿನಿಂದ ಒಯ್ದ, ಬರೀ 230 ಎಂದಿರುವ ಉಪಕರಣಗಳು ನಡೆಯುವುದಿಲ್ಲ.

ವಿದ್ಯುತ್ ಕಾರಿನ ಸಂಗತಿ ಬೇರೆಯೇ. ಹ್ಯುಂಡೈ ಅಯೋನಿಕ್ 5ರಂಥ ಗಾಡಿಗಳು ದೊಡ್ಡ ಬ್ಯಾಟರಿಯಿಂದ ನೇರವಾಗಿ 3.6 ಕಿಲೋವ್ಯಾಟ್‌ವರೆಗೆ ಹೊರಗೆ ಕೊಡಬಲ್ಲವು. 72.6 ಕಿಲೋವ್ಯಾಟ್–ಅವರ್‌ನ ಬ್ಯಾಟರಿಯಿಂದ 1,500 ವ್ಯಾಟ್‌ನ ಒಲೆಯನ್ನು ಒಂದು ಗಂಟೆ ಉರಿಸಿದರೂ ಖರ್ಚಾಗುವುದು ಶೇಕಡಾ ಎರಡರಷ್ಟು. ಅಲ್ಲಿ ಚಿಕ್ಕಮ್ಮನ ಮಿಕ್ಸಿಯೂ ಓಡುತ್ತದೆ. ಆದರೆ ಎಷ್ಟು ಶೇಕಡಾಕ್ಕೆ ಇಳಿದಾಗ ಹೊರಗಿನ ಸರಬರಾಜು ನಿಲ್ಲಬೇಕು ಎಂಬುದನ್ನು ಕಾರಿನ ಪರದೆಯಲ್ಲಿ ಮೊದಲೇ ಗೊತ್ತುಮಾಡಿಡಬೇಕು; ಮುಂದಿನ ಚಾರ್ಜಿಂಗ್ ಸ್ಟೇಷನ್ ತಲುಪಲು ಬೇಕಾದಷ್ಟನ್ನು, ಘಾಟಿ ಹತ್ತುವುದಿದ್ದರೆ ಇನ್ನೂ ಸ್ವಲ್ಪ ಹೆಚ್ಚನ್ನು, ಆ ಅಂಕಿಯಲ್ಲಿ ಸೇರಿಸಿಕೊಳ್ಳಬೇಕು.